ಕುಂಬಾರ ಹುಳದ ಪೇಢೆ

ತ್ರಿಶಲಾ ತವರಿನಿಂದ ಬಂದವಳೇ ಕೈಕಾಲು ತೊಳೆದು ಕಂಪ್ಯೂಟರಿನ ಮುಂದೆ ಕೂತಳು. ಎರಡನೇ ಸಲವೂ ಬಸಿರು ನಿಂತಿರಲಿಲ್ಲ. ತವರೂರು ಏಕಸಂಬಿಯಲ್ಲಿ ತಿಂಗಳುಗಟ್ಟಲೆ ಮಲಗಿ, ಸೂರು ನೋಡಿ ನೋಡಿ ಸಾಕಾಗಿತ್ತು. ಕಾಗವಾಡದ ಈ ಗಂಡನ ಮನೆಯಲ್ಲಿ ಅವಳದೇ ಎಂದು ಇದ್ದದ್ದು ಮೂಲೆಯ ಮೇಜು, ಈ ಕಂಪ್ಯೂಟರು, ಅದರಲ್ಲಿ ಅವಳು ಕನ್ನಡ ಮರಾಠಿ ಎರಡರಲ್ಲೂ ಮಾಡಿಕೊಡುವ ಲಗ್ನಪತ್ರಿಕೆಗಳು. ಕೆಲಸಕ್ಕೆ ಕೂತರೆ ಮನಸ್ಸು ತಾನಾಗಿ ದಾರಿಗೆ ಬರುತ್ತದೆ ಎಂದು ನಂಬಿ ಬಂದಿದ್ದಳು.

ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು, ಒಳಗೆ ಏನೋ ಕಟ್ಟೆಂದಿತು, ದೀಪ ಆರಿತು. ಮತ್ತೆ ಒತ್ತಿದರೂ ಅಷ್ಟೇ. ಕಪ್ಪು ಪರದೆಯಲ್ಲಿ ಅವಳ ಮುಖವೊಂದೇ ಕಾಣುತ್ತಿತ್ತು.

ಗಂಡ ಧರಣೇಂದ್ರ ಗೋಡೆಯ ಪ್ಲಗ್ ಬದಲಿಸಿದ, ವೈರು ಬದಲಿಸಿದ, ಪರದೆಯ ಬೆನ್ನಿಗೆ ಎರಡು ತಟ್ಟಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದರಲ್ಲಿ ನಮ್ಮ ಗಂಡಸರನ್ನು ಮೀರಿಸುವವರಿಲ್ಲ. ಕಡೆಗೆ ರಿಪೇರಿ ಮಾಡುವ ಶಿವರಾಜನೇ ಬಂದು, ಕಂಪ್ಯೂಟರಿನ ಡಬ್ಬಿಯ ಬದಿಯ ತಗಡು ಬಿಚ್ಚಿ ಟಾರ್ಚ್ ಹಿಡಿದ.

"ವೈನಿ, ಇಲ್ಲಿ ನೋಡ್ರಿ."

ಹಿಂದುಗಡೆ ಪಟ್ಟಿಯೊಂದು ಬಿದ್ದುಹೋಗಿದ್ದ ಸಂದಿಯಿಂದ ಕುಂಬಾರ ಹುಳ ಒಳಗೆ ಹೊಕ್ಕಿತ್ತು. ಫ್ಯಾನಿನ ರೆಕ್ಕೆಗೂ ತಗಡಿಗೂ ಸೇರಿಸಿ ಮಣ್ಣು ಮೆತ್ತಿ, ಬೆರಳ ಗಾತ್ರದ ಗೂಡು ಕಟ್ಟಿ, ಬಾಯಿ ಮುಚ್ಚಿ ಹೋಗಿತ್ತು.

"ಫ್ಯಾನ್ ತಿರಗವಲ್ದು, ಅದಕ್ಕ ಬಂದ್ ಆಗಾಕತ್ತೈತಿ. ಸ್ಕ್ರೂಡ್ರೈವರ್ ಹಚ್ಚಿದ್ರ ಒಡದ್ ಬೀಳತೈತಿ," ಎಂದ ಶಿವರಾಜ.

"ಕೈ ಹಚ್ಚಬ್ಯಾಡಪಾ. ಒಳಗ ಜೀವ ಐತಿ," ಎಂದರು ಬಾಗಿಲಲ್ಲಿ ನಿಂತ ಅತ್ತೆ ಸುಗಂಧಾಬಾಯಿ.

ನೀರನ್ನೂ ಸೋಸಿ ಕುಡಿಯುವ ಜೈನರ ಮನೆ. ಶಿವರಾಜ ಸ್ಕ್ರೂಡ್ರೈವರ್ ಜೇಬಿಗಿಟ್ಟ. ಆದರೆ ಜೀವದಯೆಯ ಹಿಂದೆ ಇನ್ನೊಂದು ಮಾತಿತ್ತು, ಅದು ತ್ರಿಶಲಾಗೂ ಗೊತ್ತಿತ್ತು. ಕುಂಬಾರ ಹುಳ ಗೂಡು ಕಟ್ಟಿದ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎನ್ನುತ್ತಾರೆ ಈ ಕಡೆಯ ಜನ. ಪಕ್ಕದ ಮನೆಯ ತಾರವ್ವನ ಬಾಯಿ ಸುಮ್ಮನಿರಲಿಲ್ಲ. "ನೋಡ್ ಬೇ ತ್ರಿಶಲಾ, ಶಕುನ ಬಂದೈತಿ. ಈ ಸಲ ನಿಲ್ಲತೈತಿ," ಎಂದು ಹೇಳಿ, ಓಣಿಗೆಲ್ಲ ಸಾರಿದಳು.

ತ್ರಿಶಲಾಗೆ ಸಿಟ್ಟು ಬಂತು. ಕಳೆದುಕೊಂಡದ್ದನ್ನು ಹೇಗೋ ತಡೆದುಕೊಂಡಿದ್ದಳು. ಇನ್ನೊಮ್ಮೆ ಆಸೆಪಡು ಎಂದರೆ ತಡೆಯುವ ಶಕ್ತಿ ಅವಳಲ್ಲಿರಲಿಲ್ಲ. ಅತ್ತೆಯೂ ಅದೇ ಆಸೆಯಿಂದ ಗೂಡು ಕಾಯುತ್ತಿದ್ದಾರೆ ಎಂದುಕೊಂಡು ಅವರೊಡನೆ ಮಾತು ಕಡಿಮೆ ಮಾಡಿದಳು.

ದಿನಗಳು ನಿಧಾನಕ್ಕೆ ಸರಿದವು. ಮಧ್ಯಾಹ್ನ ಒಣದ್ರಾಕ್ಷಿ ಶೆಡ್ಡುಗಳ ಸಿಹಿ ವಾಸನೆ ಕಿಟಕಿಯಿಂದ ಒಳಗೆ ಬಂದು ಕಣ್ಣೆಳೆಯುತ್ತಿತ್ತು. ತ್ರಿಶಲಾ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಅರೆನಿದ್ದೆಯಲ್ಲಿ ಪರದೆ ತಾನಾಗಿ ಬೆಳಗುತ್ತಿತ್ತು. ಮುಗಿಸದೆ ಬಿಟ್ಟ ಪತ್ರಿಕೆಗಳ ಬಳ್ಳಿಗಳು ಅಂಚು ದಾಟಿ ಗೋಡೆಗೆ ಹಬ್ಬುತ್ತಿದ್ದವು, ಅಕ್ಷರಗಳು ಅವಳ ಅಂಗೈಗೆ ಬಂದು ಕೂರುತ್ತಿದ್ದವು. ಎಚ್ಚರಾದರೆ ಡಬ್ಬಿಯೊಳಗೆ ಯಾರೋ ಉಗುರಿನಿಂದ ಕೆರೆದ ಹಾಗೆ ಸಣ್ಣ ಸದ್ದು. ಅವಳು ತಗಡಿಗೆ ಕಿವಿಯಿಟ್ಟು ಕೇಳುತ್ತಿದ್ದಳು. ಕೇಳಬಾರದು ಎಂದುಕೊಂಡೇ ಮರುದಿನವೂ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಮಣ್ಣಿಗೆ ತೂತು ಬಿತ್ತು. ತೆಳ್ಳಗಿನ ನಡುವಿನ ಹುಳವೊಂದು ಹೊರಬಂದು ಕಪ್ಪು ಪರದೆಯ ಮೇಲೆ ಕೂತಿತು. ರೆಕ್ಕೆ ಒಣಗಿಸಿಕೊಂಡಿತು. ಆಮೇಲೆ ಕಿಟಕಿಯಿಂದ ದ್ರಾಕ್ಷಿ ತೋಟದ ಕಡೆ ಹಾರಿತು. ತ್ರಿಶಲಾ ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಲ್ಲಿಂದಲೇ ಚಪ್ಪಲಿ ಮೆಟ್ಟಿ ಪೇಟೆಗೆ ಹೊರಟರು.

ಶಿವರಾಜ ಬಂದು ಖಾಲಿ ಗೂಡು ಕೆರೆದು, ಧೂಳು ಊದಿ, ಬೆರಳಿನಿಂದ ಫ್ಯಾನು ತಿರುಗಿಸಿದ. "ಈಗ ಒತ್ರಿ ವೈನಿ," ಎಂದ.

ಫ್ಯಾನು ಗುಂಯ್ ಎಂದು ತಿರುಗಿತು. ಪರದೆ ಬೆಳಗಿತು. ಆ ಸದ್ದಿಗೆ ತ್ರಿಶಲಾಳ ಎದೆ ಹಗುರಾಯಿತು.

ಅಷ್ಟರಲ್ಲಿ ಅತ್ತೆ ಪೇಢೆಯ ಡಬ್ಬ ಹಿಡಿದು ಬಂದರು, ಹಿಂದೆಯೇ ತಾರವ್ವ.

"ಏನ್ ವಿಶೇಷ ಅಕ್ಕಾ? ಓಣ್ಯಾಗ ಎಲ್ಲಾರಿಗೂ ಪೇಢೆ ಕೊಟ್ಟೀರಿ?"

"ಕುಂಬಾರ ಹುಳ ಹೇಳಿದ್ದು ಖರೆ ಆತು. ನಮ್ಮ ಮನ್ಯಾಗ ಹೆರಿಗಿ ಆತು."

"ಯಾರದು?"

ಸುಗಂಧಾಬಾಯಿ ಬಿಚ್ಚಿಟ್ಟ ಕಂಪ್ಯೂಟರಿನ ಡಬ್ಬಿಯನ್ನು ತೋರಿಸಿದರು. ತಾರವ್ವ ಬಗ್ಗಿ ನೋಡಿದಳು.

"ಗಂಡೋ ಹೆಣ್ಣೋ?" ಎಂದಳು.

"ಹಾರಿ ಹೋತು, ನೋಡಾಕ ಆಗಲಿಲ್ಲ. ಶಕುನ ಇಲ್ಲಿಗೆ ತೀರಿತು, ತಾರವ್ವ. ಇನ್ನ ನನ್ನ ಸೊಸೀಗೆ ಯಾರೂ ಏನೂ ಕೇಳಬ್ಯಾಡ್ರಿ. ಆಕಿಗೆ ಕೆಲಸ ಐತಿ."

ಹೇಳಿ, ಪೇಢೆಯೊಂದನ್ನು ಸೊಸೆಯ ಬಾಯಿಗಿಟ್ಟರು. ಖಾಲಿಯಾದ ಡಬ್ಬಿಯ ಕಡೆ ಇನ್ನೊಮ್ಮೆ ನೋಡಿದರು. ಈ ಮಾತು ಹೇಳಲು ಅವರೂ ಮೊಮ್ಮಗುವಿನ ಆಸೆಯನ್ನು ಕೈಬಿಟ್ಟಿದ್ದಾರೆ ಎಂದು ತ್ರಿಶಲಾಗೆ ಆಗ ತಿಳಿಯಿತು. ಬಾಯಿ ತುಂಬ ಪೇಢೆ, ಅತ್ತೀ ಎನ್ನಲೂ ಆಗಲಿಲ್ಲ. ಅತ್ತೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.