ಟುನೈಟ್ ಅಂದರೆ ಕಳೆದ ರಾತ್ರಿ

ಕಲ್ಯಾಣಿ ಜಯನಗರದ ಆ ಮನೆಗೆ ಕಮಲಾದೇವಿ ಅಜ್ಜಿಯನ್ನು ನೋಡಿಕೊಳ್ಳಲು ಬಂದು ಮೂರು ವರ್ಷವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಕತ್ರಿಗುಪ್ಪೆಯಿಂದ ಬಂದರೆ ರಾತ್ರಿ ಎಂಟರವರೆಗೂ ಅವಳದೇ ಪಾಳಿ. ಅಜ್ಜಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗಂಜಿ ಕುಡಿಸಿ, ಯಾವ ಮಾತ್ರೆ ಯಾವಾಗ ಕೊಟ್ಟೆ ಅನ್ನುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದಿಡಬೇಕು. ಮನೆಗೆ ಬಂದು ನೋಡುವ ಡಾಕ್ಟರು ಕೊಲ್ಕತ್ತಾ ಕಡೆಯವರು, ಕನ್ನಡ ಓದಲು ಬಾರದು.

ಆ ನೋಟ್‌ಬುಕ್ಕೇ ಕಲ್ಯಾಣಿಯ ಹೆಮ್ಮೆ. ಪಿಯುಸಿ ಫೇಲಾಗಿದ್ದರೂ ಹಟ ಹಿಡಿದು ನಲವತ್ತು ದಿನದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗಿದ್ದಳು. ಅಲ್ಲಿ ಒಂದಿಡೀ ದಿನ ಬರೀ ರಾತ್ರಿಯ ಮಾತುಗಳನ್ನೇ ಕಲಿಸಿದ್ದರು. ಕತ್ತಲಾದ ಮೇಲೆ ಯಾರನ್ನಾದರೂ ಕಂಡರೆ ಗುಡ್ ಈವ್ನಿಂಗ್. ಗುಡ್ ನೈಟ್ ಏನಿದ್ದರೂ ಹೊರಡುವಾಗ. ಯೆಸ್ಟರ್‌ಡೇ ನೈಟ್ ಅನ್ನಬಾರದು, ಲಾಸ್ಟ್ ನೈಟ್ ಅನ್ನಬೇಕು. ಟುನೈಟ್ ಅಂದರೆ ಇನ್ನೂ ಬರಬೇಕಾದ ಈ ರಾತ್ರಿ. ಅಜ್ಜಿಯ ಸೊಸೆ ಶ್ರೀದೇವಿ ಮೇಡಂ ಒಮ್ಮೆ, "ಎಷ್ಟು ನೀಟಾಗಿ ಬರೀತೀಯಮ್ಮ ನೀನು" ಅಂದಿದ್ದರು. ಆ ಮಾತನ್ನು ಕಲ್ಯಾಣಿ ಮನೆಯಲ್ಲಿ ಎಷ್ಟು ಸಲ ಹೇಳಿಕೊಂಡಿದ್ದಳೋ.

ಹಳೇ ನೈಟ್ ಅಟೆಂಡರ್ ಬಿಟ್ಟ ಮೇಲೆ, ಕಲ್ಯಾಣಿಯನ್ನೂ ಕೆಲಸಕ್ಕೆ ಹಾಕಿದ್ದ ಏಜೆನ್ಸಿಯವರು ಬಿಳೇಕಹಳ್ಳಿಯಿಂದ ಲತಾಮಣಿಯನ್ನು ಕಳಿಸಿದರು. ಇಪ್ಪತ್ತಾರರ ಹುಡುಗಿ, ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಹದಿನೈದು ದಿನದಲ್ಲಿ ಅಜ್ಜಿ ಅವಳ ಪಾಲಾಗಿಬಿಟ್ಟಿತು. ಸಂಜೆ ಆರಾದರೆ ಸಾಕು, ಬಾಗಿಲ ಕಡೆಗೇ ಕಣ್ಣು.

"ಅಜ್ಜಿ, ಬಿಸಿ ಇದೆ, ಎರಡು ತುತ್ತು ತಿನ್ನಿ" ಅಂದರೆ, "ಇರ್ಲಿ ಬಿಡು, ಲತಾ ಬರ್ಲಿ" ಅನ್ನುತ್ತಿತ್ತು.

ಮೂರು ವರ್ಷ ಉಚ್ಚೆ ಬಟ್ಟೆ ಬದಲಾಯಿಸಿದವಳು ನಾನು, ತುತ್ತು ಮಾತ್ರ ಅವಳ ಕೈಯದ್ದೇ ಬೇಕು ಅಂತ ಕಲ್ಯಾಣಿಗೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು. ಬಸ್ಸಿನಲ್ಲಿ ಕೂತರೂ ಅದೇ, ಮನೆಯಲ್ಲಿ ಚಪಾತಿ ಲಟ್ಟಿಸುವಾಗಲೂ ಅದೇ. ಅವಳು ನಗುವುದನ್ನು ನೆನೆಸಿಕೊಂಡರೆ ಲಟ್ಟಣಿಗೆ ಜೋರಾಗಿ ಒತ್ತುತ್ತಿತ್ತು.

ಒಂದು ಸಂಜೆ ಪಾಳಿ ಬದಲಾಗುವ ಹೊತ್ತಿಗೆ ಲತಾಮಣಿ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದಳು. "ಅಕ್ಕ, ನಂಗೆ ಸ್ವಲ್ಪ ಇಂಗ್ಲಿಷ್ ಹೇಳ್ಕೊಡಿ. ನಂದೆಲ್ಲಾ ರಾತ್ರಿ ಕೆಲಸ ಅಲ್ವಾ, ರಾತ್ರಿದಷ್ಟು ಗೊತ್ತಾದ್ರೆ ಸಾಕು. ನೀವು ಬರೆಯೋದು ನೋಡಿದ್ರೆ ಆಸೆ ಆಗುತ್ತೆ."

ಕಲ್ಯಾಣಿ ಲೋಟ ತೊಳೆಯುತ್ತಲೇ ಇದ್ದಳು. ಸರಿಯಾದದ್ದು ನಾಲಿಗೆ ತುದಿಯಲ್ಲೇ ಇತ್ತು. ಬಾಯಿಂದ ಬಂದದ್ದು ಬೇರೆ.

"ರಾತ್ರಿ ಡಾಕ್ಟ್ರು ಬಂದ್ರೆ ಗುಡ್ ನೈಟ್ ಸಾರ್ ಅನ್ನು."

"ಹ್ಞೂಂ. ಮತ್ತೆ ಬೆಳಿಗ್ಗೆ ಬರೆಯೋವಾಗ, ರಾತ್ರಿ ಕೊಟ್ಟಿದ್ದು ಅಂತ ಹೆಂಗೆ?"

"ಟುನೈಟ್ ಅಂತ ಬರಿ."

ಲತಾಮಣಿ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು. "ಥ್ಯಾಂಕ್ಸ್ ಅಕ್ಕ" ಅಂದು ಅವಳ ತೋಳು ಹಿಡಿದು ಒತ್ತಿದಳು.

ಎರಡು ದಿನ ಬಿಟ್ಟು ಶ್ರೀದೇವಿ ನಗುತ್ತಾ ಹೇಳಿದರು. "ನಿನ್ನೆ ಡಾಕ್ಟ್ರು ಒಳಗೆ ಕಾಲಿಟ್ಟ ತಕ್ಷಣ ಲತಾ ಗುಡ್ ನೈಟ್ ಸಾರ್ ಅಂದ್ಲು ನೋಡು. ಅವರು, ಹಂಗಾದ್ರೆ ನಾನು ವಾಪಸ್ ಹೋಗ್ಲಾ ಅಂತ ಕೇಳಿದ್ರು. ಅಜ್ಜಿನೂ ಬಿದ್ದು ಬಿದ್ದು ನಕ್ರು. ಅವರು ಹಂಗೆ ನಕ್ಕಿದ್ದು ಯಾವ ಕಾಲವಾಯ್ತೋ."

ಅವಮಾನ ಆಗಲಿ ಅಂತ ಹೇಳಿಕೊಟ್ಟರೆ ಮುದ್ದು ಸಿಕ್ಕಿತ್ತು. ಕಲ್ಯಾಣಿ ನಗಲು ನೋಡಿದಳು, ಆಗಲಿಲ್ಲ.

ಆ ವಾರ ಅಜ್ಜಿಗೆ ನಿದ್ದೆ ಬರುತ್ತಿಲ್ಲವೆಂದು ಡಾಕ್ಟರು ಒಂದು ಹೊಸ ಮಾತ್ರೆ ಬರೆದುಕೊಟ್ಟರು. ತುಂಬಾ ಒದ್ದಾಡಿದರೆ ಮಾತ್ರ ಕೊಡಬೇಕು, ಒಂದು ರಾತ್ರಿ ಕೊಟ್ಟರೆ ಮಾರನೇ ರಾತ್ರಿ ಕೊಡಲೇಬಾರದು ಅಂತ ಎಲ್ಲರಿಗೂ ಹೇಳಿ ಹೋಗಿದ್ದರು. ಮಂಗಳವಾರ ಬೆಳಿಗ್ಗೆ ಕಲ್ಯಾಣಿ ನೋಟ್‌ಬುಕ್ ತೆರೆದಾಗ ಲತಾಮಣಿಯ ದುಂಡಗಿನ ಅಕ್ಷರದಲ್ಲಿ ಒಂದು ಸಾಲಿತ್ತು: 'ಸ್ಲೀಪ್ ಟ್ಯಾಬ್ಲೆಟ್ ಟುನೈಟ್.' ರಾತ್ರಿ ಕೊಟ್ಟಿದ್ದಾಳೆ ಅಂತ ಅವಳಿಗೆ ತಕ್ಷಣ ತಿಳಿಯಿತು. ತಿದ್ದಬಹುದಿತ್ತು. ಮೇಡಂ ನೋಡಲಿ, ಅವಳ ಇಂಗ್ಲಿಷ್ ಎಷ್ಟು ಅಂತ ಗೊತ್ತಾಗಲಿ ಅಂತ ಹಾಗೇ ಬಿಟ್ಟಳು.

ರಾತ್ರಿ ಎಂಟಾದರೂ ಲತಾಮಣಿ ಬರಲಿಲ್ಲ.

"ಇವತ್ತು ಅವಳು ರಜೆ. ಅಕ್ಕನ ಮಗುಗೆ ನಾಮಕರಣವಂತೆ," ಅಂದರು ಶ್ರೀದೇವಿ. "ರಾತ್ರಿ ನಾನೇ ಮಲಗ್ತೀನಿ."

ಕಲ್ಯಾಣಿ ಬ್ಯಾಗ್ ಹೆಗಲಿಗೆ ಹಾಕಿಕೊಂಡವಳು ನಿಂತಳು. "ಮೇಡಂ, ಆ ಬುಕ್ಕಲ್ಲಿ..."

"ಅಯ್ಯೋ, ನೀನು ಹೊರಡು. ಲತಾ ಎಲ್ಲಾ ಬರೆದಿಟ್ಟಿರ್ತಾಳೆ. ಅವಳಿದ್ರೆ ನಂಗೆ ಯೋಚನೇನೇ ಇಲ್ಲ."

ಕಲ್ಯಾಣಿ ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು.

ಬುಧವಾರ ಬಂದಾಗ ಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯವರು ಆಸ್ಪತ್ರೆಗೆ ಹೋಗಿದ್ದಾರೆ ಅಂದರು, ಅಲ್ಲಿಗೆ ಹೋದ ಮೇಲೆ ಎಲ್ಲಾ ಗೊತ್ತಾಯಿತು. ಶ್ರೀದೇವಿ ಆ ಸಾಲು ಓದಿ, ಈ ರಾತ್ರಿ ಕೊಡಬೇಕೆಂದುಕೊಂಡು ಮಾತ್ರೆ ಕೊಟ್ಟಿದ್ದರು. ಬೆಳಗಿನ ಜಾವ ಅಜ್ಜಿ ಮಂಪರಿನಲ್ಲೇ ಎದ್ದು, ಬಚ್ಚಲುಮನೆ ಬಾಗಿಲಲ್ಲಿ ಕುಸಿದು ಮೊಣಕೈ ಮುರಿದುಕೊಂಡಿತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಲತಾಮಣಿ ಗೋಡೆಗೆ ಒರಗಿ ನಿಂತಿದ್ದಳು. ಅಜ್ಜಿಯ ಮಗ ಶಶಿಕಾಂತ್ ಆಗಲೇ ಏಜೆನ್ಸಿಗೆ ಫೋನ್ ಮಾಡಿ ಅವಳು ಬೇಡ ಅಂದಾಗಿತ್ತು. ಕಲ್ಯಾಣಿಗೆ ಬೇಕಾಗಿದ್ದೂ ಅದೇ. ಅವಳನ್ನು ಕಂಡಿದ್ದೇ ಲತಾಮಣಿ ಹತ್ತಿರ ಬಂದು ಕೈ ಹಿಡಿದುಕೊಂಡಳು.

"ನೀವು ಸರಿಯಾಗೇ ಹೇಳ್ಕೊಟ್ರಿ ಅಕ್ಕ. ನಾನೇ ಉಲ್ಟಾ ಬರ್ಕೊಂಡೆ ಅನ್ಸುತ್ತೆ. ನನ್ ತಲೇಲಿ ಏನೂ ನಿಲ್ಲಲ್ಲ."

ಕಲ್ಯಾಣಿ ಆ ಕೈಯನ್ನು ಬಿಡಿಸಿಕೊಂಡಳು. ಕೊನೆಯ ಕುರ್ಚಿಯಲ್ಲಿ ಕೂತಿದ್ದ ಶ್ರೀದೇವಿಯ ಮುಂದೆ ಹೋಗಿ ನಿಂತಳು.

"ಮೇಡಂ, ಅವಳಿಗೆ ತಪ್ಪು ಹೇಳ್ಕೊಟ್ಟಿದ್ದು ನಾನು. ಗೊತ್ತಿದ್ದೂ ಹೇಳ್ಕೊಟ್ಟೆ. ನಿನ್ನೆ ಬೆಳಿಗ್ಗೆ ಓದಿದ್ದೆ, ತಿದ್ದಲಿಲ್ಲ."

ಶ್ರೀದೇವಿ ಬೈಯಲಿಲ್ಲ. "ಹೋಗು," ಅಂದರು ಅಷ್ಟೇ.

ಲತಾಮಣಿ ಅಲ್ಲೇ ಇದ್ದಳು, ಎಲ್ಲಾ ಕೇಳಿಸಿಕೊಂಡಿದ್ದಳು. ಮೆಟ್ಟಿಲಿನವರೆಗೂ ಹಿಂದೆ ಬಂದಳು.

"ಯಾಕೆ?"

"ನಿನ್ನ ನೋಡಿದ್ರೆ ಅಜ್ಜಿ ನಗ್ತಿದ್ರು. ನನ್ನ ನೋಡಿ ಒಂದಿನಾನೂ ನಗಲಿಲ್ಲ."

"ಅಷ್ಟಕ್ಕೇನಾ?" ಅಂದಳು ಲತಾಮಣಿ. ಅವಳು ಅಕ್ಕ ಅನ್ನಲಿಲ್ಲ ಅನ್ನುವುದು ಕಲ್ಯಾಣಿಗೆ ಆಮೇಲೆ ಹೊಳೆಯಿತು.

ಏಜೆನ್ಸಿಯವರು ಎರಡು ತಿಂಗಳು ಕಲ್ಯಾಣಿಗೆ ಕೆಲಸ ಕೊಡಲಿಲ್ಲ. ಆಮೇಲೆ ಬಿಟಿಎಂ ಲೇಔಟಿನಲ್ಲಿ ಲಕ್ವ ಹೊಡೆದ ಒಬ್ಬರು ಮೇಷ್ಟ್ರನ್ನು ನೋಡಿಕೊಳ್ಳಲು ಹಾಕಿದರು. ಅಜ್ಜಿಯ ಮೊಣಕೈ ಕೂಡಿಕೊಂಡಿತಂತೆ, ಲತಾಮಣಿಗೆ ಈಗ ಅದೇ ಮನೆಯಲ್ಲಿ ಹಗಲು ಪಾಳಿಯಂತೆ ಅಂತ ಯಾರೋ ಹೇಳಿದರು. ಒಳ್ಳೆಯದಾಯಿತು ಅಂದಳು ಕಲ್ಯಾಣಿ. ಅವಳಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಆದರೂ ಅದನ್ನು ಕೇಳಿದಾಗ ಎದೆಯೊಳಗೆ ಏನೋ ಚುರುಕ್ಕೆಂದಿದ್ದನ್ನು ಯಾರಿಗೂ ಹೇಳಲಿಲ್ಲ. ಮೇಷ್ಟ್ರಿಗೆ ಕಾಫಿ ಹೊತ್ತಾಗಿತ್ತು. ಎದ್ದು ಹಾಲು ಕಾಯಿಸಲು ಹೋದಳು.