ಮಗ್ಗ ನಿಂತ ಮೇಲೆ

ಲೋಟದ ಬಿಸಿ ಬೆರಳಿಗೆ ಹತ್ತುತ್ತಿದೆ, ತೆಳ್ಳನೆಯ ಕಾಗದದ ಲೋಟ, ಒಂದರೊಳಗೆ ಇನ್ನೊಂದಿಟ್ಟು ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು, ಬಾರ್ಲಿ ನೀರೂ ಅಷ್ಟೇ, ಬಾರ್ಲಿಯನ್ನು ಕಪ್ಪಗಾಗುವ ತನಕ ಹುರಿಯಬೇಕೆಂಬುದು ಗೊತ್ತಿಲ್ಲದವರು ಕುದಿಸಿದ್ದು — ಪಿಲ್ನಮ್ ಲೋಟವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದಳು, ಖಾಲಿಯಾದ ಎಡಗೈಯ ಬೆರಳುಗಳನ್ನು ಮಡಚಿದಳು, ಬಿಚ್ಚಿದಳು, ಮಡಚುತ್ತವೆ, ಬಿಚ್ಚುತ್ತವೆ, ಅದರಲ್ಲಿ ನೋಡುವುದಕ್ಕೇನಿದೆ, ಕೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೇ ಕುಳಿತಳು. ಮೋ ಟೀಚರ್ ಕುರ್ಚಿಗಳನ್ನು ದುಂಡಗೆ ಜೋಡಿಸುತ್ತಿದ್ದಾಳೆ, ಇನ್ನೂ ಮದುವೆಯಾಗದ ಹುಡುಗಿ, ಕಿವಿಮೊರೆತವೆಂದರೆ ಇವಳಿಗೆ ಪುಸ್ತಕದಲ್ಲಿ ಓದಿದ್ದು, ಆದರೂ ಒಳ್ಳೆಯವಳು, ದೇಗು ನಗರದ ಈ ಆರೋಗ್ಯ ಕೇಂದ್ರಕ್ಕೆ ವಾರಕ್ಕೊಮ್ಮೆ ಬಂದು, ಬಟ್ಟೆ ಮಿಲ್ಲುಗಳಲ್ಲಿ ಕಿವಿ ಕಳೆದುಕೊಂಡ ಮುದುಕ ಮುದುಕಿಯರನ್ನೆಲ್ಲ ಸುತ್ತ ಕೂರಿಸಿಕೊಂಡು, ನಿಲ್ಲದ ಶಬ್ದದ ಜೊತೆ ಚೆನ್ನಾಗಿ ಬದುಕುವುದು ಹೇಗೆಂದು ಕಲಿಸುತ್ತಾಳೆ, ಪಿಲ್ನಮ್ ಅಮ್ಮಾ, ಇವತ್ತು ಹೊಸಬರು ಬಂದಿದಾರೆ, ನೀವೇ ಎರಡು ಮಾತು ಹೇಳ್ಬೇಕು, ನಿಮ್ಮಷ್ಟು ಬೇಗ ಕಲ್ತೋರನ್ನ ನಾನು ನೋಡೇ ಇಲ್ಲ — ಅಯ್ಯೋ ನಂಗೇನು ಮಾತು ಬರುತ್ತೆ ತಾಯಿ — ಬರುತ್ತೆ ಬರುತ್ತೆ, ಎಂದು ನಕ್ಕವನು ಪ್ಯೋ, ಅವಳ ಮಿಲ್ಲಿನಲ್ಲೇ ಮಗ್ಗ ರಿಪೇರಿ ಮಾಡುತ್ತಿದ್ದವನು, ಹೇಳು ತಂಗೀ, ನಿನ್ನ ಕಿವೀಲಿ ಮಗ್ಗ ನಿಂತೋಯ್ತು, ನನ್ನ ಕಿವೀಲಿ ಇನ್ನೂ ಮೂರನೇ ಪಾಳಿ ನಡೀತಿದೆ, ಮಾಲೀಕ ಮಾತ್ರ ಸಂಬಳ ಕೊಡ್ತಿಲ್ಲ. ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗುವುದು ಸುಲಭ, ಬಾಯಿ ಅಗಲ ಮಾಡಿದರಾಯಿತು. ಹೋಗು, ಹೋಗಿ ಬಾ, ಅಮ್ಮನ್ನ ನಾನು ನೋಡ್ಕೋತೀನಿ, ಕ್ಲಾಸು ತಪ್ಪಿಸ್ಬೇಡ, ನಿಂಗೆ ಅದೊಂದೇ ಒಳ್ಳೇದಾಗಿರೋದು ಎಂದು ಬೆಳಿಗ್ಗೆ ಗಂಡ ದುಯೊಲ್ ಅಂದಾಗ, ಈ ಗಂಡಸಿಗೆ ಇಷ್ಟು ಕರುಣೆ ಎಲ್ಲಿತ್ತು ಇಷ್ಟು ವರ್ಷ ಎಂದುಕೊಂಡೇ ಚಪ್ಪಲಿ ಮೆಟ್ಟಿದ್ದಳು.

ಏನೆಂದು ಹೇಳುವುದು, ಎಲ್ಲಿಂದ ಶುರು ಮಾಡುವುದು, ಮಗ್ಗದಿಂದಲೇ ಮಾಡಬೇಕು — ನೂರಾರು ಮಗ್ಗ ಒಟ್ಟಿಗೆ ಬಡಿಯುತ್ತಿದ್ದ ಆ ಶೆಡ್ಡಿನಲ್ಲಿ ಮಾತು ಅನ್ನುವುದು ತುಟಿಯಲ್ಲಿ ಇತ್ತು, ಕಿವಿಯಲ್ಲಿ ಅಲ್ಲ, ಹುಡುಗಿಯರೆಲ್ಲ ತುಟಿ ನೋಡಿ ಜಗಳವಾಡುತ್ತಿದ್ದರು, ತುಟಿ ನೋಡಿ ಹಾಡು ಕಲಿಯುತ್ತಿದ್ದರು, ಕಿವಿಗೆ ಹತ್ತಿ ತುರುಕಿಕೊಂಡರೆ ಮೇಸ್ತ್ರಿ ಬೈಯುತ್ತಿದ್ದ, ದಾರ ಹರಿದ ಸದ್ದು ಕೇಳಿಸಲ್ಲ ನಿಮಗೆ ಅಂತ, ಅಲ್ಲಿಂದಲೇ ಮದುವೆ, ಅಲ್ಲಿಗೇ ಮತ್ತೆ ಕೆಲಸಕ್ಕೆ, ಹೊಟ್ಟೆ ಮುಂದೆ ಬಂದು ಮಗ್ಗಕ್ಕೆ ತಾಗುವ ತನಕ. ಎಂಟು ತಿಂಗಳಾಗಿತ್ತು. ಒಳಗಿನದ್ದು ಒದೆಯುವುದನ್ನು ನಿಲ್ಲಿಸಿದ್ದು ಯಾವ ದಿನವೆಂದು ಅವಳಿಗೆ ಗೊತ್ತಾಗಲಿಲ್ಲ, ಮಗ್ಗದ ನಡುಕದಲ್ಲಿ ಯಾವುದು ಒದೆತ ಯಾವುದು ಮಗ್ಗ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಾಗ ಅತ್ತೆ ಒಲೆಯ ಮುಂದಿದ್ದಳು, ಬಾಣಂತಿಗೆ ಕೊಡುವ ಕಡಲಪಾಚಿಯ ಸಾರು ದೊಡ್ಡ ಪಾತ್ರೆಯ ತುಂಬ ಕುದಿಯುತ್ತಿತ್ತು, ಎಳ್ಳೆಣ್ಣೆಯ ವಾಸನೆ ಮನೆ ತುಂಬ, ಅತ್ತೆ ಅವಳ ಮುಖ ನೋಡಲಿಲ್ಲ, ಪಾತ್ರೆಯನ್ನು ಇಳಿಸಿ ಅಂಗಳಕ್ಕೆ ಒಯ್ದು ನಾಯಿಯ ತಟ್ಟೆಗೆ ಸುರಿದಳು, ಗಂಡು ಮಗು, ಹೊಟ್ಟೇಲೇ ಅದರ ಕಿವಿ ಒಡೆದು ಸಾಯಿಸಿದಾಳೆ ಎಂದಳು, ನಾಯಿಗೆ. ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟಳು. ಬೈದಿದ್ದರೆ, ಹೊಡೆದಿದ್ದರೆ, ಹೊರಗೆ ಹಾಕಿದ್ದರೆ — ಇಲ್ಲ, ಹೇಳಬೇಕಾದ್ದನ್ನೆಲ್ಲ ನಾಯಿಗೆ ಹೇಳುತ್ತಿದ್ದಳು, ಏ ನಾಯೀ, ಅನ್ನ ತಣ್ಣಗಾಗಿದೆ, ಏ ನಾಯೀ, ನಾಳೆ ಹಿರಿಯರ ಪೂಜೆ, ಮೀನು ತರಬೇಕು, ನೀನಾದ್ರೂ ನೆನಪಿಟ್ಕೋ, ಆ ನಾಯಿ ಸತ್ತು ಇನ್ನೊಂದು ಬಂತು, ಅದೂ ಸತ್ತು ಮತ್ತೊಂದು, ಮಾತೆಲ್ಲ ಒಂದು ನಾಯಿಯಿಂದ ಇನ್ನೊಂದಕ್ಕೆ ಆಸ್ತಿಯ ಹಾಗೆ ಹೋಯಿತು. ಮೊದಮೊದಲು ಪಿಲ್ನಮ್ ಪಾತ್ರೆ ಬಡಿದಳು, ಬಾಗಿಲು ಬಡಿದಳು, ಒಮ್ಮೆ ಅತ್ತೆಯ ಮುಂದೆ ನೆಲಕ್ಕೆ ತಲೆ ಹಚ್ಚಿ ಗೋಳೋ ಎಂದು ಅತ್ತಳು, ಅತ್ತೆ ಅವಳ ಪಕ್ಕದಿಂದ, ಕಂಬವನ್ನು ಸುತ್ತಿ ಹೋಗುವ ಹಾಗೆ, ಲಂಗದ ಅಂಚೂ ತಾಗಿಸದೆ ಹಾದು ಹೋಗಿ ಈರುಳ್ಳಿ ಬಿಡಿಸಲು ಕೂತಳು. ಆಮೇಲೆ ಅಳು ಸಣ್ಣಗಾಯಿತು. ಆಮೇಲೆ ಬರೀ ಗೊಣಗಾಟ. ಆಮೇಲೆ ಅದೂ ಇಲ್ಲ. ದುಯೊಲ್ ಲಾರಿ ತೆಗೆದುಕೊಂಡು ವಾರಗಟ್ಟಲೆ ಹೋಗುತ್ತಿದ್ದ, ಹೆಂಗಸರ ವಿಷ್ಯ ಎನ್ನುತ್ತಿದ್ದ, ಅಷ್ಟೇ.

ಹೀಗೆ ಶುರು ಮಾಡಿದರೆ ಹೊಸಬರು ಎದ್ದು ಹೋಗುತ್ತಾರೆ — ಎದುರು ಕುಳಿತ ಹೆಂಗಸು ಈಗಲೇ ಕರವಸ್ತ್ರ ಹಿಂಡುತ್ತಿದ್ದಾಳೆ, ಮೊರೆತ ಹೊಸದು ಅವಳಿಗೆ, ಕಣ್ಣಿನ ಕೆಳಗೆ ಕಪ್ಪು, ನಿದ್ದೆಯಿಲ್ಲ, ಗೊತ್ತು, ಪಿಲ್ನಮ್‌ಗೆ ಆ ಕಪ್ಪು ಗೊತ್ತು. ಮಿಲ್ಲು ಮುಚ್ಚಿದ ಮೇಲೆ ಶುರುವಾದದ್ದು, ಮಗ್ಗಗಳನ್ನೆಲ್ಲ ಬಿಚ್ಚಿ ಹಡಗಿಗೆ ಹೇರಿ ಯಾವುದೋ ದೇಶಕ್ಕೆ ಮಾರಿದರು, ಅವು ಹೋದವು, ಶಬ್ದ ಇಲ್ಲೇ ಉಳಿಯಿತು, ಎಡಗಿವಿಯಲ್ಲಿ ಒಂದೇ ಎಳೆ, ಸಣ್ಣ, ನೆಟ್ಟಗೆ, ಹರಿಯದ ದಾರ. ಆ ವರ್ಷವೇ ಅತ್ತೆಗೆ ಲಕ್ವ ಹೊಡೆದದ್ದು, ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು, ಉಳಿದದ್ದು ಎಡಗೈ ಮತ್ತು ಊಂ ಅನ್ನುವ ಒಂದು ಸ್ವರ. ವೃದ್ಧರ ಆಸ್ಪತ್ರೆಗೆ ಸೇರಿಸೋಣ ಎಂದ ದುಯೊಲ್, ಬೇಡ ಎಂದಳು ಪಿಲ್ನಮ್, ಯಾಕೆ ಸೇರಿಸ್ಬೇಕು, ನಾನಿದೀನಲ್ಲ. ಬೀದಿಯವರು ಬಾಯಿ ತುಂಬ ಹೊಗಳಿದರು, ಇಂಥ ಸೊಸೆ ಈ ಕಾಲದಲ್ಲಿ ಎಲ್ಲಿ ಸಿಗ್ತಾಳೆ ಅಂತ, ಮತ್ತು ಅವಳು ಏನೂ ಕಡಿಮೆ ಮಾಡಲಿಲ್ಲ, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸಿದಳು, ಹೇಲು ಉಚ್ಚೆ ಬಾಚಿದಳು, ಗಂಜಿಯನ್ನು ನುಣ್ಣಗೆ ಅರೆದು ತಿನ್ನಿಸಿದಳು, ಒಂದು ಮಾತು ಮಾತ್ರ ಆಡಲಿಲ್ಲ. ಏ ಚಮಚಾ, ಬಾಯಿ ತೆಗೀಬೇಕಂತೆ ಹೇಳು. ಏ ದಿಂಬೇ, ತಲೆ ಎತ್ತಬೇಕಂತೆ. ಮೊದಲ ಸಲ ಹಾಗೆಂದಾಗ ಮುದುಕಿಯ ಕಣ್ಣು ಒಂದು ಕ್ಷಣ ಅವಳ ಮೇಲೆ ನಿಂತಿತು, ಅರ್ಥವಾಗಿತ್ತು, ಚೆನ್ನಾಗಿ ಅರ್ಥವಾಗಿತ್ತು, ಪಿಲ್ನಮ್‌ಗೆ ಅವತ್ತು ಊಟ ರುಚಿಸಿತು. ಮುದುಕಿ ಎಡಗೈಯಿಂದ ಹಾಸಿಗೆ ತಟ್ಟುತ್ತಿದ್ದಳು, ಊಂ, ಊಂ, ಪಕ್ಕದ ಮನೆಯ ಹೆಂಗಸು ಬಂದವಳು ಪಾಪ ನಿನ್ನೇ ಕರೀತಿದಾರೆ ಕಣೇ ಎಂದರೆ, ನನ್ನನ್ನಲ್ಲ, ನಾಯೀನ ಕರೀತಿರ್ಬೇಕು ಎಂದಳು, ಇಬ್ಬರೂ ನಕ್ಕರು, ಮುದುಕಿಯ ಎದುರಿಗೇ. ಆದರೆ ಶಬ್ದ ಅವಳನ್ನು ತಿನ್ನುತ್ತಿತ್ತು, ಯಾರೂ ಮಾತಾಡದ ಮನೆ, ಆ ಮೌನದಲ್ಲಿ ಅದು ಬಲಿಯಿತು, ತಲೆಯನ್ನು ಗೋಡೆಗೆ ಚಚ್ಚಿಕೊಂಡಳು, ಕಿವಿಗೆ ಬಿಸಿ ಎಣ್ಣೆ ಬಿಟ್ಟುಕೊಂಡಳು, ಡಾಕ್ಟರು ಇದಕ್ಕೆ ಔಷಧ ಇಲ್ಲಮ್ಮ, ಅಭ್ಯಾಸ ಮಾಡ್ಕೋಬೇಕು ಎಂದು ಇಲ್ಲಿಗೆ ಕಳಿಸಿದರು. ಮೋ ಟೀಚರ್ ಮೊದಲ ದಿನ ಹೇಳಿದಳು, ಅದರ ಜೊತೆ ಜಗಳ ಆಡ್ಬೇಡಿ, ಜಗಳ ಆಡಿದಷ್ಟೂ ಅದು ಜೋರಾಗುತ್ತೆ, ದ್ವೇಷಾನೂ ಬೇಡ, ಇದೆ, ಇರಲಿ ಬಿಡಿ, ನಿಮ್ಮ ಕೆಲಸ ನೀವು ಮಾಡ್ಕೊಂಡು ಹೋಗಿ, ನೀವು ಗಮನ ಕೊಡ್ಲಿಲ್ಲ ಅಂದ್ರೆ ಅದು ತಾನಾಗೇ ಸಣ್ಣಗಾಗುತ್ತೆ. ಎಲ್ಲರೂ ತಲೆ ಕೆರೆದುಕೊಂಡರು, ಹೇಗಮ್ಮಾ ಅದು, ಕಿವಿಯೊಳಗೇ ಕೂತಿರೋದನ್ನ ಇಲ್ಲ ಅಂದ್ಕೊಳ್ಳೋದು ಹೇಗೆ — ಪಿಲ್ನಮ್ ಮಾತ್ರ ತಟ್ಟನೆ ನೆಟ್ಟಗೆ ಕುಳಿತಳು. ಅವಳಿಗೆ ಗೊತ್ತಿತ್ತು. ಶಬ್ದದ ಕಡೆಯಿಂದ, ಕೂಗಿ ಕೂಗಿ ಸುಮ್ಮನಾದವಳಾಗಿ ಗೊತ್ತಿತ್ತು. ಕಂಬವನ್ನು ಸುತ್ತಿ ಹೋಗುವ ಹಾಗೆ, ಲಂಗದ ಅಂಚೂ ತಾಗಿಸದೆ, ಹೋಗಿ ಈರುಳ್ಳಿ ಬಿಡಿಸಬೇಕು. ಕೇಳಿಸಿಕೊಳ್ಳದವರ ಮುಂದೆ ಯಾರಾದರೂ ಎಷ್ಟು ದಿನ ಕೂಗಿಯಾರು. ಮೊದಲು ಅದು ಪಾತ್ರೆ ಬಡಿಯಿತು, ಬಾಗಿಲು ಬಡಿಯಿತು, ಬಡಿದುಕೋ ಎಂದು ಅವಳು ಮೂಲಂಗಿ ಹೆಚ್ಚಿದಳು, ಆಮೇಲೆ ಅತ್ತಿತು, ಆಮೇಲೆ ಗೊಣಗಿತು, ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ ಮೂಲೆ ಹಿಡಿದು ಕೂತಿತ್ತು. ನಿದ್ದೆ ಬರತೊಡಗಿತು. ಅಮ್ಮಾ, ಹೇಗೆ ಸಾಧ್ಯ ಆಯ್ತು ನಿಮಗೆ, ಎಂದಳು ಮೋ ಟೀಚರ್ ಅವಳ ಎರಡೂ ಕೈ ಹಿಡಿದು, ನಮ್ಮತ್ತೆ ಕಲಿಸಿದ್ದು ಎಂದಳು ಪಿಲ್ನಮ್, ಹುಡುಗಿಯ ಕಣ್ಣಲ್ಲಿ ನೀರು, ಎಂಥಾ ಪುಣ್ಯಾತ್ಗಿತ್ತಿ ನಿಮ್ಮತ್ತೆ.

ಹೋದ ವಾರ, ಮಂಗಳವಾರ ಮಧ್ಯಾಹ್ನ ಸೋಯಾ ಸಾರು ಅನ್ನ ಉಂಡು ನಡುಮನೆಯ ಬೆಚ್ಚಗಿನ ನೆಲದ ಮೇಲೆ ಮಲಗಿದ್ದಳು, ಕಿಟಕಿಯಿಂದ ಬಿಸಿಲು ಕಾಲಿನ ಮೇಲೆ, ಎಂಥ ನಿದ್ದೆ, ಬಾಯಿ ತೆರೆದು ಜೊಲ್ಲು ಸುರಿಸುವಂಥ ನಿದ್ದೆ, ಮದುವೆಗೆ ಮುಂಚೆ ಅಮ್ಮನ ಮನೆಯಲ್ಲಿ ಮಲಗಿದ ಮೇಲೆ ಅಂಥದ್ದು ಬಂದಿರಲಿಲ್ಲ. ನಡುವೆ ಒಮ್ಮೆ ಶಬ್ದ ಎದ್ದಿತು, ಎಡಗಡೆಯಿಂದ, ಒಂದೇ ಎಳೆ, ಬಂದೆಯಾ, ಇರು ಅಲ್ಲೇ ಎಂದಳು ಮನಸ್ಸಿನಲ್ಲೇ, ಟೀಚರ್ ಹೇಳಿಕೊಟ್ಟ ಹಾಗೆ, ಮಗ್ಗುಲು ಬದಲಿಸಿದಳು, ಬಿಸಿಲು ಈಗ ಸೊಂಟದ ಮೇಲಿತ್ತು. ಎದ್ದಾಗ ಬಿಸಿಲು ಗೋಡೆ ಹತ್ತಿತ್ತು. ಗಂಜಿ ಬಿಸಿ ಮಾಡಿದಳು, ಬಟ್ಟಲು ಹಿಡಿದು ಕೋಣೆಗೆ ಹೋದಳು, ಏ ಚಮಚಾ ಅನ್ನುವಷ್ಟರಲ್ಲಿ ಕಂಡದ್ದು — ಮುದುಕಿ ನೀರಿನ ಲೋಟಕ್ಕೆ ಕೈ ಚಾಚಿದ್ದಿರಬೇಕು, ಮಂಚದ ಕಬ್ಬಿಣದ ಕಟಕಟೆಗೂ ಚೌಕಟ್ಟಿಗೂ ನಡುವೆ ಮಣಿಕಟ್ಟು ಸಿಕ್ಕಿಕೊಂಡಿತ್ತು, ಮೈಯೆಲ್ಲ ಅದರ ಮೇಲೆ ಜಾರಿ ಬಿದ್ದಿತ್ತು, ಆಚೆಗೆ ನೇತಾಡುತ್ತಿದ್ದ ಎಡಗೈ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಉಬ್ಬಿತ್ತು, ಉಂಗುರ ಮಾಂಸದಲ್ಲಿ ಹೂತು ಹೋಗಿತ್ತು. ಆಸ್ಪತ್ರೆಯಲ್ಲಿ ಉಂಗುರ ಕತ್ತರಿಸಿದರು. ನರಕ್ಕೆ ಏಟಾಗಿದೆ, ಈ ಕೈ ಮತ್ತೆ ಬರೋದು ಕಷ್ಟ ಎಂದ ಡಾಕ್ಟರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ಗಂಟೆಗಟ್ಟಲೆ ಹಾಗೇ ಇದ್ದಿರ್ಬೇಕು, ಕೂಗಿರ್ತಾರಲ್ಲ, ನಿಮಗೆ ಕೇಳಿಸ್ಲಿಲ್ವಾ ಎಂದರು, ನನಗೆ ಕಿವಿಮೊರೆತ ಇದೆ ಡಾಕ್ಟರೇ, ಎಂದಳು, ಅದು ನಿಜ, ಚೀಟಿ ಇದೆ, ಅವರು ಓಹ್ ಎಂದು ದನಿ ತಗ್ಗಿಸಿದರು, ಪಾಪ ಎಂಬಂತೆ. ದುಯೊಲ್ ಲಾರಿ ಬಿಟ್ಟು ಓಡಿ ಬಂದ, ಅಳುತ್ತ ಬಂದವನು ಅವಳ ಭುಜ ತಟ್ಟಿದ, ನೀನೇನು ಮಾಡೋಕಾಗುತ್ತೆ ಹೇಳು, ನಿನ್ನ ಕಿವಿ ಹಾಗಿದೆ, ಮದುವೆಯಾದಾಗಿನಿಂದ ಅಷ್ಟು ಮೆತ್ತಗೆ ಅವನು ಮುಟ್ಟಿದ್ದೇ ಇಲ್ಲ. ಮತ್ತು ಅದು ಸುಳ್ಳಲ್ಲ, ಯಾರು ಬಂದು ಕೇಳಿದರೂ ಸುಳ್ಳಲ್ಲ, ಅವಳು ಮೊರೆತವೆಂದೇ ಅಂದುಕೊಂಡಿದ್ದಳು, ಎಡಗಡೆಯಿಂದಲೇ ಬಂತು, ಅದೇ ಸ್ವರ, ಅದೇ ಎಳೆ — ಕೋಣೆಯೂ ಎಡಗಡೆಗೇ ಇತ್ತು, ಇರಲಿ, ಅದೇ ಸ್ವರ, ಆದರೆ ನಡುವೆ ಅದು ನಿಲ್ಲುತ್ತಿತ್ತು. ಸ್ವಲ್ಪ ನಿಂತು, ಉಸಿರೆಳೆದುಕೊಂಡು, ಮತ್ತೆ. ಮಗ್ಗ ಉಸಿರೆಳೆದುಕೊಳ್ಳುವುದಿಲ್ಲ. ಕಿವಿಯೊಳಗಿನದ್ದು ಇಷ್ಟು ವರ್ಷದಲ್ಲಿ ಒಮ್ಮೆಯೂ ಉಸಿರೆಳೆದುಕೊಂಡದ್ದಿಲ್ಲ. ಮಗ್ಗುಲು ಬದಲಿಸುವಾಗ ಅವಳಿಗೆ ಅದು ಗೊತ್ತಿತ್ತೇ — ನಿದ್ದೆಗಣ್ಣಿನಲ್ಲಿ ಯಾರಿಗೆ ಏನು ಗೊತ್ತಿರುತ್ತದೆ, ಬಿಸಿಲು ಹಿತವಾಗಿತ್ತು, ಅಷ್ಟೇ ಗೊತ್ತಿದ್ದದ್ದು, ಬಿಸಿಲು ಹಿತವಾಗಿತ್ತು, ಮತ್ತು ಆ ಶಬ್ದ ಉಸಿರೆಳೆದುಕೊಳ್ಳುತ್ತಿತ್ತು.

ಹೇಳಿ ಅಮ್ಮಾ, ಎಲ್ಲರೂ ಕಾಯ್ತಿದಾರೆ. ಅವಳು ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ, ಲೋಟ ಯಾರೋ ತೆಗೆದುಕೊಂಡಿದ್ದಾರೆ, ತೊಡೆಯ ಕೆಳಗಿದ್ದ ಕೈ ಜೋಮು ಹಿಡಿದು ತನ್ನದಲ್ಲವೆಂಬಂತೆ ಪಕ್ಕದಲ್ಲಿ ತೂಗುತ್ತಿದೆ. ಏನಿಲ್ಲ, ಕಷ್ಟ ಏನಿಲ್ಲ, ಎನ್ನುತ್ತಿದೆ ಅವಳ ಬಾಯಿ, ಅದು ಕರೆಯುತ್ತೆ, ನಾವು ಹೋಗ್ಬಾರ್ದು, ಅಷ್ಟೇ, ಒಂದು ದಿನ ಸುಮ್ಮನಾಗುತ್ತೆ — ಕರವಸ್ತ್ರದ ಹೆಂಗಸು ತಲೆಯಾಡಿಸುತ್ತಾಳೆ, ಮುಂದೆ ಬಾಗಿ ಕೇಳುತ್ತಾಳೆ, ನಿಜವಾಗ್ಲೂ ಸುಮ್ಮನಾಗುತ್ತಾ ಅಕ್ಕಾ. ಆಗುತ್ತೆ. ಆಗಿದೆ. ಆಸ್ಪತ್ರೆಯಿಂದ ಬಂದ ಮೇಲೆ ಮುದುಕಿ ಊಂ ಅಂದದ್ದೇ ಇಲ್ಲ, ಗಂಜಿ ಆರಿದರೂ ಇಲ್ಲ, ಬಟ್ಟೆ ಒದ್ದೆಯಾದರೂ ಇಲ್ಲ, ದುಯೊಲ್ ಕೈ ನೀವುತ್ತ ಅಮ್ಮಾ ಅಮ್ಮಾ ಎಂದರೂ ಇಲ್ಲ, ಮಾಡಿನತ್ತ ನೋಡುತ್ತ ಮಲಗಿರುತ್ತಾಳೆ, ನಿನ್ನೆ ಪಿಲ್ನಮ್ ಬಾಗಿಲು ಹಾಕಿಕೊಂಡು ಮಂಚದ ಬಳಿ ನಿಂತು, ಯಾರಿಗೂ ಕೇಳದ ಹಾಗೆ, ಚಮಚಕ್ಕಲ್ಲ, ದಿಂಬಿಗಲ್ಲ, ಅತ್ತೇ ಎಂದಳು. ಇಷ್ಟು ವರ್ಷಗಳ ಮೇಲೆ ಮೊದಲ ಸಲ. ಅತ್ತೇ, ನೋವಾಗ್ತಿದೆಯಾ. ಮುದುಕಿಯ ಕಣ್ಣು ಅವಳ ಪಕ್ಕದಿಂದ ಹಾದು ಹೋಗಿ ಗೋಡೆಯ ಮೇಲೆ ನಿಂತಿತು. ಈಗ ಎಲ್ಲರೂ ಒಂದು ನಿಮಿಷ ಕಣ್ಮುಚ್ಚಿ ಎನ್ನುತ್ತಿದ್ದಾಳೆ ಮೋ ಟೀಚರ್, ನಿಮ್ಮ ನಿಮ್ಮ ಶಬ್ದಾನ ಸುಮ್ಮನೆ ಕೇಳಿಸ್ಕೊಳ್ಳಿ, ಹೆದರಬೇಡಿ, ಪಿಲ್ನಮ್ ಅಮ್ಮನ ಹಾಗೆ — ಪ್ಯೋ ಕಣ್ಣು ಮುಚ್ಚಿದ, ಹೆಂಗಸು ಕಣ್ಣು ಮುಚ್ಚಿದಳು, ಕೋಣೆ ಸ್ತಬ್ಧವಾಯಿತು, ಅವಳೂ ಮುಚ್ಚಿದಳು, ಬೇಡವಾಗಿತ್ತು, ಮುಚ್ಚಿದಳು, ಬಂತು, ಎಡಗಡೆಯಿಂದ, ಸಣ್ಣ ಎಳೆ, ನೆಟ್ಟಗೆ, ಇರು ಅಲ್ಲೇ, ಕಂಬ ನೀನು, ನಾನು ಮೂಲಂಗಿ ಹೆಚ್ಚುತ್ತಿದ್ದೇನೆ, ಇರು, ಅದು ಇತ್ತು, ಇತ್ತು, ನಿಂತಿತು, ಉಸಿರೆಳೆದುಕೊಂಡಿತು, ಮತ್ತೆ ಬಂತು, ನಿಂತಿತು, ಉಸಿರೆಳೆದುಕೊಂಡಿತು, ಮತ್ತೆ, ನಿಂತಿತು, ಉಸಿರೆಳೆದುಕೊಂಡಿತು