ಹಿಚುಕಿದವರು ಲೆಕ್ಕಕ್ಕಿಲ್ಲ

ನಾನು ಗಾಳಿ ತುಂಬಿದ ರಬ್ಬರಿನ ಒಂದು ಗುಂಡು. ಬಿಸಿ ಅಚ್ಚಿನಲ್ಲಿ ಬೆಂದು ಹುಟ್ಟಿದೆ; ಹಿಂದಕ್ಕೆ ಉದ್ದನೆಯ ಕೊಳವೆ ಸಿಕ್ಕಿಸಿದರು. ಎಂ.ಆರ್.ಐ. ಯಂತ್ರದ ಸುರಂಗದೊಳಗೆ ಮಲಗುವವರ ಅಂಗೈಗೆ ನನ್ನನ್ನು ಕೊಡುತ್ತಾರೆ. ಜೀವ ಗಾಬರಿಯಾದರೆ ಹಿಚುಕಬೇಕು. ಹೊರಗೆ ಗಂಟೆ ಬಡಿದುಕೊಳ್ಳುತ್ತದೆ, ಯಂತ್ರ ನಿಲ್ಲಿಸುತ್ತಾರೆ.

ಮೊದಲು ಖಾಸಗಿ ಸ್ಕ್ಯಾನ್ ಸೆಂಟರಿನಲ್ಲಿದ್ದೆ. ಅಲ್ಲಿ ಮಂಡಿ ನೋವಿನ ಪೈಲ್ವಾನನೂ ನನ್ನನ್ನು ಹಿಚುಕಿ ಅವ್ವನನ್ನು ಕರೆದಿದ್ದಾನೆ. ಯಂತ್ರ ಹಳತಾದ ಮೇಲೆ ಅದರ ಜೊತೆ ನನ್ನನ್ನೂ ಒಂದು ಮನೋರೋಗ ಆಸ್ಪತ್ರೆಗೆ ಸಾಗಿಸಿದರು.

ಅಲ್ಲಿ ಡಾಕ್ಟರ್ ಶ್ರೀವತ್ಸ ಸಂಶೋಧನೆ ನಡೆಸುತ್ತಿದ್ದರು. ಬಾರ್ಡರ್‌ಲೈನ್ ವ್ಯಕ್ತಿತ್ವದ ಕಾಯಿಲೆ ಇರುವವರಿಗೆ ಒಂದು ಮಾತು, ಒಂದು ಮುಖ ಸಾಕು, ಭಾವನೆ ಉಕ್ಕಿ ಮೈಮೇಲೆ ಬೀಳುತ್ತದೆ. ಮಿದುಳಿನಲ್ಲಿ ಭಯ, ಸಿಟ್ಟು ಏಳುವ ಜಾಗಕ್ಕೂ ಅದಕ್ಕೆ ಲಗಾಮು ಹಾಕುವ ಹಣೆಯ ಹಿಂದಿನ ಭಾಗಕ್ಕೂ ಇವರಲ್ಲಿ ನಂಟು ಹೇಗಿದೆ ಎಂದು ನೋಡಬೇಕಿತ್ತು. ಸುರಂಗದೊಳಗೆ ಪರದೆಯ ಮೇಲೆ ಸಿಡುಕು ಮುಖಗಳನ್ನು ತೋರಿಸುತ್ತಾರೆ. ನೋಡುತ್ತಲೇ ಮನಸ್ಸನ್ನು ತಣ್ಣಗೆ ಮಾಡಿಕೊಳ್ಳಬೇಕು, ಅಲುಗಾಡಬಾರದು.

ದ್ರಾಕ್ಷಾಯಣಿ ಬಂದಳು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೈ. ಮಣಿಕಟ್ಟಿನ ಮೇಲೆ ತಾನೇ ಮಾಡಿಕೊಂಡ ಗಾಯದ ಗೆರೆಗಳು. ಇದೆಲ್ಲ ನಾಟಕ ಎಂದು ಗಂಡನ ಮನೆಯವರು ಐದು ವರ್ಷದ ಮಗಳನ್ನು ಇಟ್ಟುಕೊಂಡು ಇವಳನ್ನು ಹೊರಹಾಕಿದ್ದರು. ಟೆಕ್ನಿಷಿಯನ್ ಇಸ್ಮಾಯಿಲ್ ಕಾಲುಂಗುರ ತೆಗೆಯಲು ಹೇಳಿದಾಗ ಅವಳು ಕೇಳಿದಳು:

"ಅಣ್ಣಾರ, ತಲಿಯೊಳಗಿನ ಫೋಟೋ ಕೊಡ್ತೀರಲ್ಲ? ಅತ್ತಿ ಮುಂದ ಇಡ್ತೀನಿ. ರೋಗ ಐತಿ ಅಂತ ಕಂಡ್ರ ಮಗಳನ್ನ ನೋಡಾಕರ ಬಿಡ್ತಾರ."

"ಮೊದ್ಲ ಅಲುಗಾಡದಂಗ ಮಲ್ಕೋ ತಂಗಿ. ಇದರೊಳಗ ಹೋದ್ರ ನನ್ನ ಹೇಣ್ತಿನೂ ಸುಮ್ಮನಾಗ್ತಾಳ."

ಅವಳು ನಕ್ಕಳು.

ಸುರಂಗದೊಳಗೆ ಹನ್ನೊಂದು ಮುಖಗಳವರೆಗೆ ಅವಳ ಬೆರಳು ಸಡಿಲವಾಗಿಯೇ ಇದ್ದವು. ಹನ್ನೆರಡನೆಯದು ಹಲ್ಲು ಕಡಿಯುವ ಮುದುಕಿ. ಅಂಗೈ ಬೆವರಿತು. ಬೆರಳು ನನ್ನಿಂದ ದೂರ ಸರಿದವು, ಮತ್ತೆ ಬಂದವು, ಮತ್ತೆ ಸರಿದವು. ಹದಿನಾಲ್ಕನೆಯ ಮುಖಕ್ಕೆ ಹಿಚುಕಿದಳು.

ಡಾಕ್ಟರು ಗದರಲಿಲ್ಲ. ಸ್ಕ್ಯಾನು ಪೂರ್ತಿಯಾಗಿಲ್ಲ, ತಲೆಯೂ ಅಲುಗಿದೆ, ಇದನ್ನು ಕೈಬಿಡಿ ಎಂದರು ಅಷ್ಟೆ. ಪೂರ್ತಿಯಾಗಿದ್ದರೂ ಅವಳಿಗೆ ಚಿತ್ರ ಸಿಗುತ್ತಿರಲಿಲ್ಲ; ಅವರಿಗೆ ಬೇಕಾದದ್ದು ಎಲ್ಲರ ಮಿದುಳಿನ ಸರಾಸರಿ. ಒಪ್ಪಿಗೆ ಪತ್ರದ ಮೂರನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಹಾಗೆ ಬರೆದಿತ್ತು. ಅವಳು ಕನ್ನಡದಲ್ಲಿ ಸಹಿ ಮಾಡಿದ್ದಳು.

ಹಾಗೆ ಹಿಚುಕಿದವರು ಹತ್ತೊಂಬತ್ತು ಮಂದಿ. ಭಾವನೆ ತಡೆಯಲಾಗದವರ ಬಗ್ಗೆ ಶುರುವಾದ ಸಂಶೋಧನೆ, ತಡೆಯಲಾಗದವರನ್ನೇ ಹೊರಗಿಟ್ಟು ಮುಗಿಯಿತು. ಅಷ್ಟು ಓದಿದವರಲ್ಲಿ ಒಬ್ಬರಿಗೂ ಇದು ಚುಚ್ಚಲಿಲ್ಲ. ಉಳಿದವರ ಸರಾಸರಿ ಲೆಕ್ಕಹಾಕಿದ ಬಣ್ಣಬಣ್ಣದ ಮಿದುಳಿನ ಚಿತ್ರ ಗೋಡೆಗೆ ಬಂತು.

ಈಗ ನಾನು ಬಿರುಕು ಬಿಟ್ಟಿದ್ದೇನೆ, ಗಾಳಿ ಸೋರುತ್ತದೆ. ಆ ಗೋಡೆಯ ಕೆಳಗಿನ ಡ್ರಾಯರಿನಲ್ಲಿ ಬಿದ್ದಿದ್ದೇನೆ. ಕಳೆದ ವಾರ ದ್ರಾಕ್ಷಾಯಣಿ ಮತ್ತೆ ಬಂದಿದ್ದಳು. ತಾಯಿ ಸತ್ತಳೆಂದು ಗಂಡನ ಮನೆಯವರು ಮಗಳಿಗೆ ಹೇಳಿಬಿಟ್ಟಿದ್ದಾರಂತೆ.

"ಈ ಚಿತ್ರದಾಗ ನಂದು ಯಾವುದ್ರಿ ಅಣ್ಣಾರ?"

ಇಸ್ಮಾಯಿಲ್ ಗೋಡೆಯ ಹತ್ತಿರ ಬಂದು ಅವಳ ಪಕ್ಕ ನಿಂತ.

"ಇದ್ರಾಗ ನೀ ಇಲ್ಲ ತಂಗಿ."

ಕೇಳಿ ಕೇಳಿ ರೂಢಿಯಾದ ಮಾತೆಂಬಂತೆ ಅವಳು ತಲೆಯಾಡಿಸಿ ಹೋದಳು. ಹನ್ನೆರಡನೆಯ, ಹದಿಮೂರನೆಯ ಮುಖಗಳ ಹೊತ್ತು ಅವಳು ಎಷ್ಟು ತಡೆದುಕೊಂಡಳು ಎಂಬುದಕ್ಕೆ ಸಾಕ್ಷಿ ನಾನೊಂದೇ. ರಬ್ಬರಿನ ಸಾಕ್ಷಿ ಯಾವ ಅತ್ತೆಯ ಮುಂದೆ ನಡೆಯುತ್ತದೆ?